ದಿವಾಳಿ ಅರ್ಜಿಗೆ ಟ್ರಸ್ಟಿಗಳು ತಕರಾರು ಸಲ್ಲಿಸಬಹುದೇ?

ಕಾನೂನು ಅಂಕಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ದೊಡ್ಡಪ್ಪನ ಮಗ ಶಿರಸಿಯಲ್ಲಿ ಅಡಿಕೆ, ಕಾಳುಮೆಣಸಿನ ವ್ಯಾಪಾರ ಮಾಡುತ್ತಿದ್ದರು. ಬೆಳೆಗಾರರಿಂದ ಪಡೆದ ಮಾಲಿಗೆ ಹಣ ಕೊಡಲಾಗದ ಸ್ಥಿತಿ ಬಂದಾಗ, ಎಲ್ಲರ ಬಾಕಿಯನ್ನೂ ಪ್ರಮಾಣಕ್ಕೆ ತಕ್ಕಂತೆ ತೀರಿಸಲೆಂದು ತಮ್ಮ ಮಳಿಗೆ, ಗೋದಾಮು ಹಾಗೂ ಪಾಲಿಗೆ ಬಂದ ತೋಟವನ್ನು ಅದಕ್ಕೆ ಸೇರಿದ ಬೆಟ್ಟದ ಸಮೇತ ನನ್ನ ಮತ್ತು ಊರಿನ ಒಬ್ಬ ನಿವೃತ್ತ ಶಿಕ್ಷಕರ ಹೆಸರಿಗೆ ಟ್ರಸ್ಟ್ ಪತ್ರ ಬರೆದು ನೋಂದಣಿ ಮಾಡಿಸಿದರು. ಹೆಚ್ಚಿನ ಬೆಳೆಗಾರರು ಒಪ್ಪಿದ್ದಾರೆ. ಹುಬ್ಬಳ್ಳಿಯ ಒಬ್ಬ ವ್ಯಾಪಾರಿ ನಾವು ಕರೆದ ಸಭೆಗೆ ಬಂದು ಮೊದಲ ಕಂತಿನ ಚೆಕ್ ಪಡೆದುಕೊಂಡು ಹೋದರು. ಈಗ ಅವರೇ ಕಾರವಾರದ ಜಿಲ್ಲಾ ನ್ಯಾಯಾಲಯದಲ್ಲಿ ಅಣ್ಣನನ್ನು ದಿವಾಳಿ ಎಂದು ಘೋಷಿಸುವಂತೆ ಅರ್ಜಿ ಹಾಕಿದ್ದಾರೆ. ಟ್ರಸ್ಟ್ ಪತ್ರ ಬರೆದದ್ದೇ ಅವರು ತೋರಿಸಿದ ಕಾರಣ. ಅಣ್ಣ ನ್ಯಾಯಾಲಯದ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದಾರೆ. ಟ್ರಸ್ಟಿಗಳಾದ ನಮಗೆ ನೋಟಿಸ್ ಬಂದಿಲ್ಲ. ಜೊತೆಗಾರ ಟ್ರಸ್ಟಿಗೆ ಅಣ್ಣನಿಂದ ಬರಬೇಕಾದ ಕೈಗಡವೂ ಇದೆ. ನಾವು ಹೋಗಿ ವಿರೋಧಿಸಬಹುದೇ? ವಕೀಲರ ಖರ್ಚು ಯಾರದು? ಈ ವರ್ಷದ ಕೊಯ್ಲನ್ನು ಮಾರಬಹುದೇ?
(ಶಿರಸಿ ತಾಲ್ಲೂಕಿನ ಓದುಗರು)

ಉತ್ತರ: ವಿರೋಧಿಸಲು ಅವಕಾಶ ಕೇಳಬಹುದು, ನಿಮ್ಮ ಸಂದರ್ಭದಲ್ಲಿ ಕೇಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅಣ್ಣನ ಮಾನ ಉಳಿಸುವ ತಮ್ಮನಾಗಿ ನೀವು ಅಲ್ಲಿ ನಿಲ್ಲುವಂತಿಲ್ಲ. ಸಾಲ ಕೊಟ್ಟ ಎಲ್ಲರ ಪರವಾಗಿ ಆಸ್ತಿಯನ್ನು ಹಿಡಿದಿರುವ ಟ್ರಸ್ಟಿಯಾಗಿ ನಿಲ್ಲಬೇಕು. ಈ ಎರಡರ ನಡುವಿನ ಅಂತರವನ್ನು ಮೊದಲ ದಿನದಿಂದಲೇ ಕಾಯ್ದುಕೊಳ್ಳದಿದ್ದರೆ ನ್ಯಾಯಾಧೀಶರಿಗೆ ನಿಮ್ಮ ಮಾತಿನ ಮೇಲೆ ನಂಬಿಕೆ ಹುಟ್ಟುವುದಿಲ್ಲ.

ಮೊದಲು ಯಾವ ಕಾನೂನು ಅನ್ವಯಿಸುತ್ತದೆ ಎಂಬುದನ್ನು ಹೇಳಬೇಕು. ದಿವಾಳಿತನಕ್ಕೆ 2016ರ ಹೊಸ ಸಂಹಿತೆ ಬಂದಿದೆಯಲ್ಲ ಎಂದು ಅನೇಕರು ಕೇಳುತ್ತಾರೆ. ಆ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ನಿಮ್ಮ ಅಣ್ಣನಂಥ ವ್ಯಾಪಾರಿಗೆ ಇಂದಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿತನ ಕಾಯ್ದೆ. ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಿಂದಲೂ ಇಲ್ಲಿ ನಡೆದುಬಂದಿರುವುದು ಇದೇ ಕಾಯ್ದೆ. ಸಾಲಗಾರ ವಾಸಿಸುವ ಅಥವಾ ವ್ಯಾಪಾರ ನಡೆಸುವ ಸ್ಥಳದ ಮೇಲೆ ಅಧಿಕಾರವಿರುವ ಜಿಲ್ಲಾ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕಾದ್ದರಿಂದ ಕಾರವಾರದಲ್ಲಿ ಹಾಕಿದ್ದು ಸರಿಯೇ ಇದೆ.

ಈ ಕಾಯ್ದೆಯ 6ನೇ ಕಲಂ ನಿಮಗೆ ಕಹಿಯಾಗಿ ಕಾಣಬಹುದು. ಸಾಲಗಾರನು ತನ್ನ ಎಲ್ಲ ಅಥವಾ ಬಹುಪಾಲು ಆಸ್ತಿಯನ್ನು ಸಾಲ ಕೊಟ್ಟವರೆಲ್ಲರ ಹಿತಕ್ಕಾಗಿ ಮೂರನೆಯವರಿಗೆ ವರ್ಗಾಯಿಸಿದರೆ, ಅದು ಎಷ್ಟೇ ಪ್ರಾಮಾಣಿಕವಾಗಿದ್ದರೂ, ಒಂದು ದಿವಾಳಿ ಕೃತ್ಯವೆಂದೇ, ಅಂದರೆ ದಿವಾಳಿ ಅರ್ಜಿಗೆ ಆಧಾರವಾಗುವ ನಡೆಯೆಂದೇ, ಪರಿಗಣಿತವಾಗುತ್ತದೆ. ಮೋಸದ ಉದ್ದೇಶ ಇತ್ತೆಂದು ಅರ್ಜಿದಾರರು ತೋರಿಸಬೇಕಾಗಿಲ್ಲ. ಆದ್ದರಿಂದ ‘ನಾವು ಒಳ್ಳೆಯ ಉದ್ದೇಶದಿಂದ ಮಾಡಿದ್ದೇವೆ’ ಎಂಬುದೊಂದನ್ನೇ ನಂಬಿ ನ್ಯಾಯಾಲಯಕ್ಕೆ ಹೋದರೆ ಬರಿಗೈಯಲ್ಲಿ ಮರಳಬೇಕಾದೀತು.

ಇನ್ನು ನಿಮಗೆ ಮಾತನಾಡುವ ಹಕ್ಕಿನ ವಿಷಯ. ಸಾಲ ಕೊಟ್ಟವರು ಅರ್ಜಿ ಹಾಕಿದಾಗ ಎದುರುದಾರ ಸಾಲಗಾರನೇ. 19ನೇ ಕಲಂ ಪ್ರಕಾರ ಅವನಿಗೂ ಇತರ ಸಾಲ ಕೊಟ್ಟವರಿಗೂ ನೋಟಿಸ್ ಹೋಗುತ್ತದೆ. ಅಲ್ಲಿ ಟ್ರಸ್ಟಿಯ ಹೆಸರಿಲ್ಲ, ನಿಮಗೆ ನೋಟಿಸ್ ಬಾರದಿರುವುದಕ್ಕೆ ಕಾರಣ ಅದೇ. ಆದರೆ ಕಾಯ್ದೆಯ ಬೇರೆ ಕಲಮುಗಳನ್ನು ಓದಿದರೆ ಬಾಗಿಲು ಮುಚ್ಚಿಲ್ಲವೆಂಬುದು ತಿಳಿಯುತ್ತದೆ. 25ನೇ ಕಲಂ ಪ್ರಕಾರ, ಸಾಲ ತೀರಿಸುವ ಶಕ್ತಿ ತನಗಿದೆ ಎಂದು ಮನವರಿಕೆ ಮಾಡಬೇಕಾದವನು ಸಾಲಗಾರ. ಆದರೆ ‘ಬೇರೆ ಯಾವುದೇ ಸಾಕಷ್ಟು ಕಾರಣ’ಕ್ಕೆ ಅರ್ಜಿಯನ್ನು ವಜಾ ಮಾಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಡುವಾಗ, ಆ ಕಾರಣವನ್ನು ಇಂಥವರೇ ಮುಂದಿಡಬೇಕೆಂದು ಕಾಯ್ದೆ ಕಟ್ಟುಹಾಕಿಲ್ಲ. ದಿವಾಳಿ ಆದೇಶವಾದ ಮೇಲೆ ಅದನ್ನು ರದ್ದುಪಡಿಸಬೇಕೆಂದು 35ನೇ ಕಲಂ ಪ್ರಕಾರ ಸಾಲಗಾರನಷ್ಟೇ ಅಲ್ಲದೆ ಹಿತಾಸಕ್ತಿಯುಳ್ಳ ಬೇರೆ ಯಾರಾದರೂ ಕೇಳಬಹುದು. 75ನೇ ಕಲಂ ಪ್ರಕಾರ ಆದೇಶದಿಂದ ಬಾಧಿತರಾದ ಯಾರೇ ಆದರೂ ಮೇಲ್ಮನವಿ ಸಲ್ಲಿಸಬಹುದು. ಆದೇಶದ ನಂತರ ತಕರಾರು ತೆಗೆಯಲು ಅರ್ಹನಾದವನ ಮಾತನ್ನು ಆದೇಶಕ್ಕೆ ಮೊದಲೇ ಕೇಳುವುದು ನ್ಯಾಯಕ್ಕೂ ಸಮಯದ ಉಳಿತಾಯಕ್ಕೂ ಒಳ್ಳೆಯದು ಎಂದು ನಿಮ್ಮ ವಕೀಲರು ವಾದಿಸಬಹುದು. ದಿವಾಳಿ ನ್ಯಾಯಾಲಯಕ್ಕೆ 5ನೇ ಕಲಂ ಮೂಲಕ ಸಿವಿಲ್ ನ್ಯಾಯಾಲಯದ ಅಧಿಕಾರಗಳಿರುವುದರಿಂದ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 1, ನಿಯಮ 10ರ ಅಡಿಯಲ್ಲಿ ನಿಮ್ಮನ್ನು ಪಕ್ಷಕಾರರನ್ನಾಗಿ ಸೇರಿಸಿಕೊಳ್ಳಬೇಕೆಂದು ಅರ್ಜಿ ಕೊಡಿ. ನೋಂದಾಯಿತ ಟ್ರಸ್ಟ್ ಪತ್ರದ ದೃಢೀಕೃತ ಪ್ರತಿಯನ್ನು ಅದಕ್ಕೆ ಲಗತ್ತಿಸಿ. ಸೇರಿಸಿಕೊಳ್ಳುವುದು ಬಿಡುವುದು ನ್ಯಾಯಾಲಯದ ವಿವೇಚನೆಗೆ ಸೇರಿದ್ದು.

ನಿಮ್ಮ ಜೊತೆಗಾರ ಟ್ರಸ್ಟಿಗೆ ದಾರಿ ಇನ್ನೂ ನೇರವಾಗಿದೆ. ಅವರು ಸ್ವತಃ ಸಾಲ ಕೊಟ್ಟವರಾದ್ದರಿಂದ ಆ ನೆಲೆಯಲ್ಲೇ ಹಾಜರಾಗಿ ಅರ್ಜಿಯನ್ನು ವಿರೋಧಿಸಬಹುದು. ತಮ್ಮ ಕೈಗಡದ ಸಂಗತಿಯನ್ನು ಮಾತ್ರ ಪ್ರಮಾಣಪತ್ರದ ಮೊದಲ ಪುಟದಲ್ಲೇ ಹೇಳಲಿ. ಎದುರಿನ ವಕೀಲರು ಅದನ್ನು ಪಾಟೀಸವಾಲಿನಲ್ಲಿ ಹೊರತೆಗೆದರೆ ಇಬ್ಬರು ಟ್ರಸ್ಟಿಗಳ ನಿಷ್ಪಕ್ಷಪಾತತನವೂ ಪ್ರಶ್ನೆಗೆ ಒಳಗಾಗುತ್ತದೆ.

ತಕರಾರಿನಲ್ಲಿ ಏನು ಬರೆಯಬೇಕು ಎಂಬುದೇ ಮುಖ್ಯವಾದದ್ದು. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ತೂಕದ ಸಂಗತಿ ಆ ಚೆಕ್. ಟ್ರಸ್ಟ್ ವ್ಯವಸ್ಥೆಯನ್ನು ಒಪ್ಪಿ ಅದರ ಲಾಭ ಪಡೆದ ಸಾಲದಾತನು ಆಮೇಲೆ ಅದೇ ಪತ್ರವನ್ನು ದಿವಾಳಿ ಕೃತ್ಯವೆಂದು ಎತ್ತಿ ತೋರಿಸುವಂತಿಲ್ಲ ಎಂಬುದು ನ್ಯಾಯಾಲಯಗಳು ಬಹುಕಾಲದಿಂದ ಪಾಲಿಸಿಕೊಂಡು ಬಂದ ತತ್ವ. ಸಭೆಗೆ ಬಂದು ಕುಳಿತದ್ದು ಒಪ್ಪಿಗೆಯಾಗುವುದಿಲ್ಲ. ಕೇಳಿಕೊಂಡು ಹೋಗಲು ಬಂದಿದ್ದೆ ಎಂದು ಅವರು ಹೇಳಬಹುದು. ಟ್ರಸ್ಟ್ ಖಾತೆಯಿಂದ ಬರೆದ, ಹಂಚಿಕೆಯ ಮೊದಲ ಕಂತು ಎಂದು ರಸೀದಿಯಲ್ಲಿ ಕಾಣಿಸಿದ ಚೆಕ್ಕನ್ನು ಅವರು ಬ್ಯಾಂಕಿಗೆ ಹಾಕಿ ನಗದು ಮಾಡಿಕೊಂಡಿದ್ದರೆ ಮಾತು ಬೇರೆಯಾಗುತ್ತದೆ. ಆ ರಸೀದಿಯಲ್ಲಿ ಏನು ಬರೆದಿದೆ, ಯಾರ ಸಹಿ ಇದೆ, ಹಣ ಯಾವ ತಾರೀಖಿಗೆ ಅವರ ಖಾತೆಗೆ ಹೋಯಿತು ಎಂಬುದನ್ನು ಇಂದೇ ನೋಡಿಕೊಳ್ಳಿ. ‘ಹಳೆಯ ಬಾಕಿಗೆ ಜಮಾ’ ಎಂದಷ್ಟೇ ಬರೆದಿದ್ದರೆ ನಿಮ್ಮ ವಾದ ದುರ್ಬಲವಾಗುತ್ತದೆ.

ಎರಡನೆಯದು ತಾರೀಖಿನ ಲೆಕ್ಕ. 9ನೇ ಕಲಂ ಪ್ರಕಾರ ದಿವಾಳಿ ಕೃತ್ಯ ನಡೆದ ಮೂರು ತಿಂಗಳೊಳಗೆ ಅರ್ಜಿ ಸಲ್ಲಿಕೆಯಾಗಿರಬೇಕು. ಕೊನೆಯ ದಿನ ನ್ಯಾಯಾಲಯಕ್ಕೆ ರಜೆ ಇದ್ದರೆ ಮತ್ತೆ ತೆರೆದ ದಿನ ಸಲ್ಲಿಸಬಹುದು. ಪತ್ರ ಬರೆದ ದಿನ ಒಂದು, ನೋಂದಣಿಯ ದಿನ ಇನ್ನೊಂದು ಆಗಿದ್ದರೆ ಎರಡರಿಂದಲೂ ಲೆಕ್ಕ ಹಾಕಿ ವಕೀಲರ ಮುಂದಿಡಿ. ಬರಬೇಕಾದ ಮೊತ್ತ ಖಚಿತವಾಗಿರಬೇಕು, ಕನಿಷ್ಠ 500 ರೂಪಾಯಿ ಆಗಿರಬೇಕು ಎಂಬ ಷರತ್ತುಗಳೂ ಇವೆ. ಈ ಮೊತ್ತ ಈಗಿನ ವ್ಯಾಪಾರದಲ್ಲಿ ಯಾರನ್ನೂ ತಡೆಯುವುದಿಲ್ಲ. ಆದರೆ ಮಾಲಿನ ದರ್ಜೆ, ದರದ ಬಗ್ಗೆ ಪ್ರಾಮಾಣಿಕ ತಕರಾರಿದ್ದು ಬಾಕಿ ಎಷ್ಟೆಂದೇ ನಿಶ್ಚಯವಾಗಿಲ್ಲದಿದ್ದರೆ ಅದನ್ನು ದಾಖಲೆ ಸಮೇತ ಹೇಳಬೇಕು.

ಸಾಲ ತೀರಿಸುವ ಶಕ್ತಿ ಅಣ್ಣನಿಗಿದೆ ಎಂದು ಮಾತ್ರ ಬರೆಯಬೇಡಿ. ಅದನ್ನು ತೋರಿಸಬೇಕಾದವರು ಅವರೇ. ಅಲ್ಲದೆ ಇದ್ದದ್ದನ್ನೆಲ್ಲ ಟ್ರಸ್ಟಿಗೆ ಒಪ್ಪಿಸಿದವರ ಬಗ್ಗೆ ಟ್ರಸ್ಟಿಯೇ ಹಾಗೆ ಹೇಳಿದರೆ ಪತ್ರಕ್ಕೂ ಮಾತಿಗೂ ತಾಳೆಯಾಗುವುದಿಲ್ಲ. ಹುಬ್ಬಳ್ಳಿಯವರಿಗೆ ಗುಟ್ಟಾಗಿ ಪೂರ್ತಿ ಹಣ ಕೊಟ್ಟು ಅರ್ಜಿ ಹಿಂತೆಗೆಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ನ್ಯಾಯಾಲಯದ ಅನುಮತಿಯಿಲ್ಲದೆ ಅರ್ಜಿ ಹಿಂತೆಗೆಯಲಾಗದು (14ನೇ ಕಲಂ), ಮತ್ತು ಉಳಿದ ಬೆಳೆಗಾರರ ಪಾಲಿನ ಹಣವನ್ನು ಒಬ್ಬರಿಗೆ ಸುರಿದ ಹೊಣೆ ನಿಮ್ಮ ತಲೆಯ ಮೇಲೆ ಬರುತ್ತದೆ.

ಇಲ್ಲಿ ನಿಮ್ಮ ಟ್ರಸ್ಟ್ ಪತ್ರದ ಬುನಾದಿಯನ್ನೂ ಪರೀಕ್ಷಿಸಬೇಕು. ಸಾಲ ತೀರಿಸುವ ಉದ್ದೇಶದ ಟ್ರಸ್ಟನ್ನು ಸಾಲ ಕೊಟ್ಟವರಿಗೆ ತಿಳಿಸದೇ ಇದ್ದರೆ ಬರೆದವನು ತನ್ನ ಇಷ್ಟದಂತೆ ಅದನ್ನು ರದ್ದು ಮಾಡಬಹುದು ಎಂದು 1882ರ ಭಾರತೀಯ ನ್ಯಾಸ (ಟ್ರಸ್ಟ್) ಕಾಯ್ದೆಯ 78ನೇ ಕಲಂ ಹೇಳುತ್ತದೆ. ತಿಳಿಸಿ, ಅವರು ವ್ಯವಸ್ಥೆಯಲ್ಲಿ ಪಾಲುಗೊಂಡ ಮೇಲೆ ಆ ಸ್ವಾತಂತ್ರ್ಯ ಉಳಿಯುವುದಿಲ್ಲ. ಆದ್ದರಿಂದ ಬೆಳೆಗಾರರಿಗೆ ಕಳುಹಿಸಿದ ಪತ್ರಗಳ ಪ್ರತಿ, ಅಂಚೆ ರಸೀದಿ, ಸಭೆಯ ನಡಾವಳಿ, ಒಪ್ಪಿಗೆಯ ಸಹಿಗಳು ನಿಮ್ಮ ಕೈಯಲ್ಲಿ ಇರಲೇಬೇಕು. ತೋಟದ ಜೊತೆ ಬರೆದ ಬೆಟ್ಟದ ಬಗ್ಗೆಯೂ ಒಂದು ಮಾತು: ಸೊಪ್ಪಿನ ಬೆಟ್ಟ ಸರ್ಕಾರದ ಅರಣ್ಯ ಭೂಮಿ, ತೋಟದವನಿಗೆ ಇರುವುದು ಸೊಪ್ಪು ತರುವಂಥ ಸೌಲಭ್ಯದ ಹಕ್ಕು. ಅದನ್ನು ಮಾರಾಟದ ಆಸ್ತಿಯಂತೆ ಬೆಲೆ ಕಟ್ಟಿ ಟ್ರಸ್ಟಿನ ಪಟ್ಟಿಯಲ್ಲಿ ತೋರಿಸಿದ್ದರೆ ಈಗಲೇ ಸರಿಪಡಿಸಿ.

ವಿರೋಧಿಸುವ ಮೊದಲು ಸಾಲ ಕೊಟ್ಟವರ ಸಭೆ ಕರೆದು ಒಂದು ಪ್ರಶ್ನೆ ಕೇಳಬೇಕೆಂದು ನಾನು ಒತ್ತಾಯಿಸುತ್ತೇನೆ: ಟ್ರಸ್ಟ್ ಮುಂದುವರಿಯುವುದು ಅವರಿಗೆ ಹಿತವೋ, ನ್ಯಾಯಾಲಯದ ರಿಸೀವರ್ (ದಿವಾಳಿಯ ಆಸ್ತಿಯನ್ನು ವಶಕ್ಕೆ ಪಡೆದು ಹಂಚಲು ನೇಮಕವಾಗುವವರು) ಬರುವುದು ಹಿತವೋ? ಹಿಂದೆ ಆಸ್ತಿ ಬಚ್ಚಿಟ್ಟ, ಒಬ್ಬರಿಗಷ್ಟೇ ಹಣ ಕೊಟ್ಟ ಅನುಮಾನವಿದ್ದರೆ ಆ ವ್ಯವಹಾರಗಳನ್ನು ರದ್ದು ಮಾಡಿಸುವ ಅಧಿಕಾರ ರಿಸೀವರ್‌ಗೆ ಇದೆ, ನಿಮಗಿಲ್ಲ. ಅಣ್ಣನ ಹಿತದಿಂದ ನೋಡಿದರೂ ಉತ್ತರ ಅಷ್ಟು ಸರಳವಲ್ಲ. ಟ್ರಸ್ಟಿನ ಆಸ್ತಿಯೆಲ್ಲ ಹಂಚಿದ ಮೇಲೂ ಉಳಿದ ಬಾಕಿಗೆ, ಸಾಲ ಕೊಟ್ಟವರು ಬಿಟ್ಟುಕೊಡದ ಹೊರತು, ಅವರು ಜೀವನಪೂರ್ತಿ ಹೊಣೆಗಾರರಾಗಿಯೇ ಇರುತ್ತಾರೆ. ದಿವಾಳಿ ಎಂದು ಘೋಷಿತರಾದವರು 41ನೇ ಕಲಂ ಅಡಿಯಲ್ಲಿ ಋಣಮುಕ್ತಿ ಆದೇಶ ಪಡೆದರೆ, ಸರ್ಕಾರಿ ಬಾಕಿ, ಮೋಸದಿಂದಾದ ಸಾಲದಂಥ ಕೆಲವನ್ನು ಬಿಟ್ಟು ಉಳಿದವುಗಳಿಂದ ಬಿಡುಗಡೆ ಸಿಗುತ್ತದೆ. ಬೆಳೆಗಾರರ ವರ್ಷದ ದುಡಿಮೆ ಸಿಕ್ಕಿಬಿದ್ದಿರುವ ಜಾಗ ಇದು; ಮನೆತನದ ಮರ್ಯಾದೆಯ ಪ್ರಶ್ನೆ ಇಲ್ಲಿ ಅಳತೆಗೋಲಾಗಬಾರದು.

ಆದೇಶವಾದ ಮಾತ್ರಕ್ಕೆ ನಿಮ್ಮ ಟ್ರಸ್ಟ್ ಪತ್ರ ತಾನಾಗಿ ಬಿದ್ದುಹೋಗುವುದಿಲ್ಲ. ದಿವಾಳಿ ಆದೇಶವು ಅರ್ಜಿ ಸಲ್ಲಿಸಿದ ದಿನದಿಂದ ಜಾರಿಗೆ ಬಂದಂತೆ ಲೆಕ್ಕ. ಅದಕ್ಕೂ ಹಿಂದಿನ ವರ್ಗಾವಣೆಯನ್ನು, ಅರ್ಜಿ ಎರಡು ವರ್ಷದೊಳಗೆ ಬಂದಿದ್ದರೆ, 53ನೇ ಕಲಂ ಅಡಿಯಲ್ಲಿ ನ್ಯಾಯಾಲಯ ರದ್ದುಪಡಿಸಬಹುದು. ಆ ಹಂತದಲ್ಲಿ ಟ್ರಸ್ಟಿಗಳಾಗಿ ನಿಮ್ಮ ಮಾತನ್ನು ಕೇಳಲೇಬೇಕಾಗುತ್ತದೆ. ಜಿಲ್ಲಾ ನ್ಯಾಯಾಲಯದ ಆದೇಶದ ವಿರುದ್ಧ ಹೈಕೋರ್ಟಿಗೆ ಹೋಗಲು 90 ದಿನಗಳ ಅವಧಿ ಇದೆ. ನಮ್ಮ ಜಿಲ್ಲೆಗೆ ಧಾರವಾಡ ಪೀಠ.

ಖರ್ಚಿನ ಬಗ್ಗೆ ನ್ಯಾಸ ಕಾಯ್ದೆಯ 32ನೇ ಕಲಂ ಸ್ಪಷ್ಟವಾಗಿದೆ: ಟ್ರಸ್ಟಿನ ಆಸ್ತಿಯ ರಕ್ಷಣೆಗೆ ಅಥವಾ ಹಿತಕ್ಕೆ ಯೋಗ್ಯ ರೀತಿಯಲ್ಲಿ ಮಾಡಿದ ಖರ್ಚನ್ನು ಆ ಆಸ್ತಿಯಿಂದಲೇ ಪಡೆಯಬಹುದು. ಸಾಲ ಕೊಟ್ಟವರ ಸಭೆಯ ಠರಾವು ಇದ್ದರೆ ಆ ಖರ್ಚು ಯೋಗ್ಯವೆಂದು ತೋರಿಸುವುದು ಸುಲಭ. ಅಣ್ಣನ ವೈಯಕ್ತಿಕ ವಕೀಲರ ಶುಲ್ಕವನ್ನು ಮಾತ್ರ ಆ ಖಾತೆಯಿಂದ ಕೊಡಬೇಡಿ.

ಕೊಯ್ಲು ಕಾಯುವುದಿಲ್ಲ ಎಂಬುದು ನನಗೆ ಗೊತ್ತಿದೆ. ಗೊನೆ ಇಳಿಸಿ, ಸುಲಿಸಿ, ಬೇಯಿಸಿ ಒಣಗಿಸುವುದನ್ನು ನಿಲ್ಲಿಸಬೇಡಿ. ಕೆಲಸದವರ ಕೂಲಿಯ ಲೆಕ್ಕವನ್ನು ದಿನದಿನವೂ ಬರೆದಿಡಿ. ಮಾರುವ ಮೊದಲು ನ್ಯಾಯಾಲಯಕ್ಕೆ ಒಂದು ಮಧ್ಯಂತರ ಅರ್ಜಿ ಕೊಟ್ಟು, ಸಹಕಾರಿ ಸಂಘದ ಟೆಂಡರ್ ಮೂಲಕ ಮಾರಿ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಡುತ್ತೇವೆಂದು ಅನುಮತಿ ಕೇಳಿ. ಸಂಘದ ಪಟ್ಟಿಗಳು ಲೆಕ್ಕಕ್ಕೆ ಉತ್ತಮ ಸಾಕ್ಷಿ. ತೋಟ, ಮಳಿಗೆಗಳ ಮಾರಾಟಕ್ಕೆ ಈಗ ಕೈಹಾಕಬೇಡಿ. ಅರ್ಜಿ ಇರುವುದು ಗೊತ್ತಿದ್ದೂ ಕೊಂಡವನಿಗೆ ದಿವಾಳಿತನ ಕಾಯ್ದೆಯ 55ನೇ ಕಲಂನ ರಕ್ಷಣೆ ಸಿಗುವುದಿಲ್ಲ.

ಕೊನೆಯದಾಗಿ, ಅಣ್ಣನನ್ನು ಹೇಗಾದರೂ ಕಾರವಾರಕ್ಕೆ ಕರೆದುಕೊಂಡು ಹೋಗಿ. ಟ್ರಸ್ಟಿ ಎಷ್ಟೇ ಚೆನ್ನಾಗಿ ವಾದಿಸಿದರೂ ಸಾಲಗಾರನ ಖಾಲಿ ಕುರ್ಚಿ ಅವರ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳಲು ಊರು ಬಿಟ್ಟರೆ ಅದು ಇನ್ನೊಂದು ದಿವಾಳಿ ಕೃತ್ಯವೇ ಆಗುತ್ತದೆ.

ಪ್ರಶ್ನೆ: ವ್ಯಾಪಾರಿಯೊಬ್ಬರ ಟ್ರಸ್ಟ್ ಪತ್ರಕ್ಕೆ ಒಪ್ಪಿಗೆಯ ಸಹಿ ಹಾಕಿದ ಬೆಳೆಗಾರ ನಾನು. ಟ್ರಸ್ಟಿಗಳು ಲೆಕ್ಕವನ್ನೇ ತೋರಿಸುತ್ತಿಲ್ಲ. ನಾನು ದಿವಾಳಿ ಅರ್ಜಿ ಹಾಕಬಹುದೇ?
(ಹೊನ್ನಾವರದ ಓದುಗರು)

ಉತ್ತರ: ಆ ಪತ್ರವನ್ನೇ ಆಧಾರ ಮಾಡಿಕೊಂಡು ಹಾಕಿದರೆ ನಿಮ್ಮ ಸಹಿಯೇ ನಿಮಗೆ ಅಡ್ಡ ಬರುತ್ತದೆ. ಸಾಲಗಾರನ ಆಸ್ತಿ ಡಿಕ್ರಿಯ ಜಾರಿಯಲ್ಲಿ ಹರಾಜಾದದ್ದು ಮುಂತಾದ ಬೇರೆ ದಿವಾಳಿ ಕೃತ್ಯ ಕಳೆದ ಮೂರು ತಿಂಗಳಲ್ಲಿ ನಡೆದಿದ್ದರೆ ಮಾತ್ರ ಆ ದಾರಿಯನ್ನು ಯೋಚಿಸಿ. ನಿಮ್ಮ ನಿಜವಾದ ದೂರು ಟ್ರಸ್ಟಿಗಳ ಮೇಲೆ. ಲೆಕ್ಕವನ್ನು ನೋಡುವುದು, ಪ್ರತಿ ಪಡೆಯುವುದು ಫಲಾನುಭವಿಯ ಹಕ್ಕು. ಮೊದಲು ಲಿಖಿತ ನೋಟಿಸ್ ಕೊಡಿ, ಉತ್ತರ ಬಾರದಿದ್ದರೆ ಲೆಕ್ಕ ಒಪ್ಪಿಸುವಂತೆಯೂ ಟ್ರಸ್ಟಿಗಳನ್ನು ಬದಲಿಸುವಂತೆಯೂ ಸಿವಿಲ್ ನ್ಯಾಯಾಲಯವನ್ನು ಕೇಳಿ. ಇತರ ಬೆಳೆಗಾರರೂ ಜೊತೆಗೆ ಸಹಿ ಹಾಕಿದರೆ ಕೆಲಸ ಬೇಗ ಆಗುತ್ತದೆ.

ಪ್ರಶ್ನೆ: ನನ್ನ ಪತಿ ಒಂದು ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತಿದ್ದರು. ಬ್ಯಾಂಕು ಈಗ ಅವರ ಮೇಲೆ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಿದೆ. ಮನೆ ಕುಟುಂಬದ ಟ್ರಸ್ಟಿನ ಹೆಸರಿನಲ್ಲಿದೆ. ಅದರ ಟ್ರಸ್ಟಿಯಾದ ನಾನು ತಕರಾರು ಹೇಳಬಹುದೇ?
(ಕಾರವಾರದ ಓದುಗರು)

ಉತ್ತರ: ಇದಕ್ಕೆ 2016ರ ಸಂಹಿತೆಯೇ ಅನ್ವಯ. ನೇಮಕವಾದ ಪರಿಹಾರ ವೃತ್ತಿಪರರು ಪರಿಶೀಲಿಸಿ ವರದಿ ಕೊಡುತ್ತಾರೆ. ಅದರ ಮೇಲೆ 100ನೇ ಕಲಂ ಹಂತದಲ್ಲಿ ನ್ಯಾಯಮಂಡಳಿ ತೀರ್ಮಾನಿಸುತ್ತದೆ. ಸಾಲಗಾರರ ಪರವಾದ ವಿಚಾರಣೆಗೆ ಆ ಹಂತವೇ ಸರಿಯಾದ ಜಾಗವೆಂದು ಸುಪ್ರೀಂ ಕೋರ್ಟ್ 2023ರ ನವೆಂಬರಿನಲ್ಲಿ ಹೇಳಿದೆ. ಆದ್ದರಿಂದ ಸಾಲದ ಬಗೆಗಿನ ತಕರಾರನ್ನು ನಿಮ್ಮ ಪತಿಯೇ ಎತ್ತಲಿ. ನೀವು ಟ್ರಸ್ಟಿಯಾಗಿ ಮನೆಯ ಮಟ್ಟಿಗೆ ಮಾತ್ರ ಮಾತನಾಡಿ: ಟ್ರಸ್ಟ್ ಪತ್ರ ನೋಂದಣಿಯಾದ ತಾರೀಖು, ಜಾಮೀನು ಪತ್ರಕ್ಕೆ ಪತಿ ಸಹಿ ಹಾಕಿದ ತಾರೀಖು, ಮನೆ ಕೊಂಡ ಹಣ ಬಂದ ಮೂಲ, ಈ ಮೂರರ ದಾಖಲೆಗಳನ್ನು ಪರಿಹಾರ ವೃತ್ತಿಪರರಿಗೆ ಲಿಖಿತವಾಗಿ ಒಪ್ಪಿಸಿ ಸ್ವೀಕೃತಿ ಪಡೆಯಿರಿ. ಜಾಮೀನಿಗೆ ಸಹಿ ಹಾಕಿದ ಮೇಲೆ ಟ್ರಸ್ಟ್ ಆಗಿದ್ದರೆ ಅದನ್ನು ಮುಚ್ಚಿಡದೆ ಮೊದಲು ನಿಮ್ಮ ವಕೀಲರಿಗೆ ಹೇಳಿ.