ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಮನಃಶಾಸ್ತ್ರದ ಪದವಿ ಓದುವವರಿಗೆ

ಪ್ರಶ್ನೆ: ಬಿ.ಎ. ಮೊದಲ ವರ್ಷದ ಪ್ರಾಕ್ಟಿಕಲ್‌ನಲ್ಲಿ ಮ್ಯೂಲರ್-ಲಯರ್ ಭ್ರಮೆಯ ಪ್ರಯೋಗ ಮಾಡಿದೆ. ಸಮ ಉದ್ದದ ಎರಡು ಗೆರೆಗಳಲ್ಲಿ, ತುದಿಗಳಲ್ಲಿ ಬಾಣದ ಗುರುತಿರುವುದು ಚಿಕ್ಕದಾಗಿ, ಹೊರಕ್ಕೆ ತೆರೆದ ರೆಕ್ಕೆಗಳಿರುವುದು ಉದ್ದವಾಗಿ ಕಾಣುವ ಭ್ರಮೆ ಇದು. ಬಾಣದ ಗೆರೆ ಬದಲಾಗದು; ರೆಕ್ಕೆಯ ಗೆರೆಯನ್ನು ಹಿಗ್ಗಿಸಿ ಕುಗ್ಗಿಸಿ ಅದಕ್ಕೆ ಸಮ ಮಾಡಬೇಕು. ಗೆಳತಿಯೇ ಸಬ್ಜೆಕ್ಟ್, ಅಂದರೆ ಪ್ರಯೋಗಕ್ಕೆ ಒಳಗಾದವಳು. ಭ್ರಮೆ ಬರೀ 2 ಮಿ.ಮೀ. ಬಂದಿದೆ. ರೆಕಾರ್ಡ್‌ನಲ್ಲಿ ಅಂಕಿ ತಿದ್ದಿ ಬರೆಯಲೇ?
– ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ಖಂಡಿತ ಬೇಡ. ಬಂದ ಅಂಕಿಯನ್ನೇ ಬರೆಯಿರಿ. ಅದು ಯಾಕೆ ಹಾಗೆ ಬಂತು ಎಂದು ಚರ್ಚೆಯ ಭಾಗದಲ್ಲಿ ವಿವರಿಸಿ. ನಿಜವಾದ ಕಲಿಕೆ ಇರುವುದು ಅಲ್ಲೇ.

ಕಾರಣ ಹುಡುಕಲು ಮೂರು ಕಡೆ ನೋಡಿ. ಉಪಕರಣದ ಹಿಂಬದಿಯ ಸ್ಕೇಲು ಗೆಳತಿಯ ಕಣ್ಣಿಗೆ ಬಿದ್ದಿತ್ತೇ? ಭ್ರಮೆಯ ವಿಷಯ ಅವರಿಗೆ ಮೊದಲೇ ಗೊತ್ತಿದ್ದು, ಬೇಕೆಂದೇ ಸರಿಪಡಿಸಿಕೊಂಡರೇ? ನೀವು ‘ಬರೀ ಗೆರೆ ನೋಡು’ ಎಂದಿರಾ? ರೆಕ್ಕೆಗಳನ್ನು ಬಿಟ್ಟು ಗೆರೆಯನ್ನಷ್ಟೇ ನೋಡಿದರೆ ಭ್ರಮೆ ಕಡಿಮೆಯಾಗುತ್ತದೆ. ‘ಇಡೀ ಚಿತ್ರ ನೋಡಿ, ಎರಡೂ ಗೆರೆ ಸಮ ಅನ್ನಿಸಿದಾಗ ನಿಲ್ಲಿಸಿ’ ಎಂಬ ಸೂಚನೆಯನ್ನು ಬರೆದಿಟ್ಟುಕೊಂಡು, ಎಲ್ಲರಿಗೂ ಅದನ್ನೇ ಓದಿ ಹೇಳಿ. ‘ಸರಿಯಾಯ್ತು’, ‘ಅಯ್ಯೋ ತಪ್ಪು’ ಎಂಬ ಮಾತು ನಡುವೆ ಬರಲೇಬಾರದು.

ಒಟ್ಟು 40 ಬಾರಿ ಮಾಡಿಸಿ. 20 ಸಲ ರೆಕ್ಕೆಯ ಗೆರೆ ಎಡಕ್ಕೆ, 20 ಸಲ ಬಲಕ್ಕೆ. ಪ್ರತಿ ಇಪ್ಪತ್ತರಲ್ಲಿ ಹತ್ತು ಸಲ ತೀರಾ ಚಿಕ್ಕದರಿಂದ ಶುರುಮಾಡಿ ಹಿಗ್ಗಿಸಬೇಕು, ಹತ್ತು ಸಲ ತೀರಾ ಉದ್ದದಿಂದ ಶುರುಮಾಡಿ ಕುಗ್ಗಿಸಬೇಕು. ಒಂದೇ ದಿಕ್ಕಿನಿಂದ ಎಳೆಸಿದರೆ ಕೈಯ ಚಲನೆಯ ದೋಷ ಭ್ರಮೆಯೊಳಗೆ ಸೇರಿಹೋಗುತ್ತದೆ. ಎಡ-ಬಲ ಬದಲಿಸದಿದ್ದರೆ ಸ್ಥಾನದ ದೋಷವೂ ಸೇರುತ್ತದೆ. ಬಹಳಷ್ಟು ರೆಕಾರ್ಡ್‌ಗಳು ಕೆಡುವುದು ಇಲ್ಲಿಯೇ.

ಲೆಕ್ಕ ಸುಲಭ. ಬಾಣದ ಗೆರೆ 150 ಮಿ.ಮೀ. ಇದ್ದು, 40 ಅಳತೆಗಳ ಸರಾಸರಿ 132 ಬಂದರೆ ಭ್ರಮೆ 18 ಮಿ.ಮೀ., ಅಂದರೆ ಶೇ 12. ರೆಕ್ಕೆಯ ಗೆರೆ ಇದ್ದದ್ದಕ್ಕಿಂತ ಉದ್ದ ಕಾಣುವುದರಿಂದಲೇ ಸಬ್ಜೆಕ್ಟ್ ಅದನ್ನು ಚಿಕ್ಕದಾಗಿಸಿ ನಿಲ್ಲಿಸುತ್ತಾರೆ. ಮೊದಲ ಹತ್ತು ಮತ್ತು ಕೊನೆಯ ಹತ್ತು ಅಳತೆಗಳನ್ನು ಬೇರೆಯಾಗಿಯೂ ನೋಡಿ. ಅಭ್ಯಾಸವಾದಂತೆ ಭ್ರಮೆ ಇಳಿಯುವುದುಂಟು. ಇದು ಕಾಣಬೇಕಾದರೆ ನಾಲ್ಕೂ ಬಗೆಯನ್ನು ಗುಂಪುಗುಂಪಾಗಿ ಮುಗಿಸದೆ ಬೆರೆಸಿ ಮಾಡಿಸಿರಬೇಕು.

ಪ್ರಶ್ನೆ: ಮಗ ಬಿ.ಎ. ಮನಃಶಾಸ್ತ್ರ ಮುಗಿಸಿ ಊರಲ್ಲೇ ಕ್ಲಿನಿಕ್ ತೆರೆಯುತ್ತೇನೆ ಅನ್ನುತ್ತಾನೆ. ಆಗುತ್ತದೆಯೇ?
– ಪೋಷಕರು, ಶಿರಸಿ

ಉತ್ತರ: ಬಿ.ಎ. ಅಷ್ಟರಿಂದಲೇ ಆಗದು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಆರ್‌ಸಿಐ, ಅಂದರೆ 1992ರ ಕಾಯ್ದೆಯಡಿ ಬಂದ ಭಾರತೀಯ ಪುನರ್ವಸತಿ ಪರಿಷತ್ತು, ಮಾನ್ಯ ಮಾಡಿದ ಕೋರ್ಸ್ ಮುಗಿಸಿ ಅಲ್ಲಿ ನೋಂದಣಿ ಮಾಡಿಸಬೇಕು. ಎಂ.ಎ. ಅಥವಾ ಎಂ.ಎಸ್ಸಿ. ಆದ ಮೇಲೆ ಆಸ್ಪತ್ರೆಯಲ್ಲಿ ಮೇಲ್ವಿಚಾರಣೆಯಡಿ ತರಬೇತಿ ಪಡೆಯುವುದು ಇದುವರೆಗಿನ ರೂಢಿಯ ದಾರಿ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಹೆಸರಾದದ್ದು. ಕೋರ್ಸ್‌ಗಳ ನಿಯಮ ಬದಲಾಗುತ್ತಿರುತ್ತದೆ. ಶುಲ್ಕ ಕಟ್ಟುವ ಮೊದಲೇ ಆ ಕಾಲೇಜು, ಆ ಕೋರ್ಸ್, ಆ ವರ್ಷ ಮೂರೂ ಆರ್‌ಸಿಐ ಪಟ್ಟಿಯಲ್ಲಿವೆಯೇ ಎಂದು ಮಗನೇ ನೋಡಲಿ. ಆರು ವಾರದ ಸರ್ಟಿಫಿಕೇಟ್ ನಂಬಿ ಖಿನ್ನತೆಯಲ್ಲಿ ನರಳುತ್ತಿರುವವರನ್ನು ಎದುರಿಗೆ ಕೂರಿಸಿಕೊಳ್ಳುವುದು ಅವರ ಜೀವಕ್ಕೇ ಅಪಾಯ. ಮಾತ್ರೆ ಬರೆಯುವ ಮನೋವೈದ್ಯರ ದಾರಿ ಬೇರೆಯೇ. ಅದಕ್ಕೆ ಮೊದಲು ಎಂ.ಬಿ.ಬಿ.ಎಸ್. ಆಗಬೇಕು.

ಪ್ರಶ್ನೆ: ಪಿ.ಯು.ನಲ್ಲಿ ಗಣಿತ ಓದಿಲ್ಲ. ಸಂಖ್ಯಾಶಾಸ್ತ್ರ ಕಷ್ಟವೇ?
– ವಿದ್ಯಾರ್ಥಿ, ಸಿಂಧನೂರು

ಉತ್ತರ: ಹತ್ತನೆಯ ತರಗತಿಯ ಗಣಿತ ಸಾಕು. ಸರಾಸರಿ, ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ), ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ), ಸಹಸಂಬಂಧ (ಎರಡು ಅಳತೆಗಳು ಎಷ್ಟು ಜೊತೆಯಾಗಿ ಬದಲಾಗುತ್ತವೆ ಎಂಬುದು), ಆಮೇಲೆ ಟಿ-ಪರೀಕ್ಷೆ (ಎರಡು ಸರಾಸರಿಗಳ ವ್ಯತ್ಯಾಸ ಆಕಸ್ಮಿಕವೇ ಎಂದು ನೋಡುವುದು): ಇದೇ ಕ್ರಮದಲ್ಲಿ ಕಲಿಯಿರಿ. ನಿಮ್ಮದೇ ಪ್ರಾಕ್ಟಿಕಲ್‌ನ ಹತ್ತು ಅಂಕಿ ತೆಗೆದುಕೊಂಡು ಮಾನಕ ವಿಚಲನೆಯನ್ನು ಒಮ್ಮೆ ಕೈಯಲ್ಲೇ ಮಾಡಿ, ಆಮೇಲೆ ಎಕ್ಸೆಲ್‌ನಲ್ಲಿ ತಾಳೆ ನೋಡಿ. ಉತ್ತರ ತುಸು ಬೇರೆ ಬಂದರೆ ಗಾಬರಿ ಬೇಡ. ಒಂದರಲ್ಲಿ ಅಂಕಿಗಳ ಸಂಖ್ಯೆಯಾದ 10ರಿಂದ, ಇನ್ನೊಂದರಲ್ಲಿ ಅದಕ್ಕಿಂತ ಒಂದು ಕಡಿಮೆ, ಅಂದರೆ 9ರಿಂದ ಭಾಗಿಸಿರಬಹುದು.