ಆಮೆ ಮೂಗಿನಿಂದ ಗುಳ್ಳೆ ಬರ್ತಿದೆ, ಡಾಕ್ಟರ್ ಸಿಗೋದು ನಾಳೆ. ಅಲ್ಲಿವರೆಗೆ ಏನು ಮಾಡಲಿ?

ಮೂಗಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಡೋದು, ಒಂದು ಕಡೆ ವಾಲಿ ಈಜೋದು ಹೆಚ್ಚಾಗಿ ಶ್ವಾಸಕೋಶದ ಸೋಂಕಿನ ಗುರುತು. ಮೊದಲು ಬೆಚ್ಚಗಿಡಿ. ಆಮೆಯ ಮೈಬಿಸಿ ಸುತ್ತಲಿನ ಬಿಸಿಯನ್ನೇ ನಂಬಿರುತ್ತದೆ, ಧಾರವಾಡದ ಡಿಸೆಂಬರ್ ಚಳಿಯಲ್ಲಿ ಬಕೆಟ್ ನೀರಲ್ಲಿ ಹಾಗೇ ಬಿಟ್ಟರೆ ಸೋಂಕಿನ ಜೊತೆ ಹೋರಾಡೋ ಶಕ್ತಿಯೇ ಇರೋದಿಲ್ಲ. ನಿಮ್ಮದು ರೆಡ್ ಇಯರ್ಡ್ ಸ್ಲೈಡರ್ (ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರೋ ನೀರಾಮೆ) ಆದರೆ ನೀರು 27-28 ಡಿಗ್ರಿ ಇರಲಿ, ಆದರೆ ತಲೆ ಮುಳುಗದಷ್ಟು ಮಾತ್ರ. ಆಮೆ ಮುಳುಗುತ್ತಾ ಅಂತ ನಗಬೇಡಿ, ಸುಸ್ತಾದದ್ದು ಮುಳುಗಿ ಸಾಯುತ್ತದೆ. ಹತ್ತಲು ಒಂದು ಒಣ ಕಲ್ಲು, ಮೇಲೆ ಹಳೇ ಕಾಲದ ಬಿಸಿಯಾಗುವ ಬಲ್ಬ್ ಇಡಿ (ಎಲ್ಇಡಿ ಉಪಯೋಗವಿಲ್ಲ).

ಒತ್ತಾಯದಿಂದ ತಿನ್ನಿಸಬೇಡಿ. ಮನೇಲಿರೋ ಆಂಟಿಬಯೋಟಿಕ್ ಮಾತ್ರೆಯಂತೂ ಬೇಡವೇ ಬೇಡ. ಹುಬ್ಬಳ್ಳಿಯ ಡಾಕ್ಟರ್ ಹತ್ತಿರ ಒಯ್ಯೋ ಮುಂಚೆ ಫೋನ್ ಮಾಡಿ, ಆಮೆ ನೋಡ್ತೀರಾ ಅಂತ ಕೇಳಿ. ಎಮ್ಮೆ, ನಾಯಿ ನೋಡುವವರೆಲ್ಲ ಆಮೆ ನೋಡೋದಿಲ್ಲ. ಒಯ್ಯೋಕೆ ಗಾಳಿತೂತಿನ ಡಬ್ಬಿ, ಒಳಗೆ ಟವೆಲ್ ಸಾಕು, ನೀರು ತುಂಬಬೇಡಿ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ, ಆಮೆ ಮೈಮೇಲೆ ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.