ಸೂಜಿ ಚುಚ್ಚಿಯೇ ಥೈರಾಯ್ಡ್ ಆಪರೇಶನ್ ಮಾಡಬಹುದಾ?

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ನಿಮ್ಮ ಅತ್ತೆಗೆ ಥೈರಾಯ್ಡ್ ಗಂಟು ತೆಗೆಸಬೇಕು, ಪ್ರಜ್ಞೆ ತಪ್ಪಿಸುತ್ತಾರೆ ಅಂದರೆ ಅವರಿಗೆ ಹೆದರಿಕೆ, ಬರೀ ಅಕ್ಯುಪಂಕ್ಚರ್ ಸಾಕಾ ಅಂತ ಕೇಳಿದ್ದೀರಿ.

ಸಾಕಾಗುವುದಿಲ್ಲ. ಆದರೆ ಸೂಜಿ ಚುಚ್ಚಿ ಆಪರೇಶನ್ ಮಾಡುತ್ತಾರೆ ಅಂತ ನೀವು ಕೇಳಿಸಿಕೊಂಡಿದ್ದು ಕಟ್ಟುಕತೆಯೂ ಅಲ್ಲ. ಚೀನಾದಲ್ಲಿ 1958ರಿಂದ ಈ ಪ್ರಯೋಗ ನಡೆಯಿತು. 1970ರ ದಶಕದಲ್ಲಿ ವಿದೇಶಿ ಡಾಕ್ಟರುಗಳ ಮುಂದೆ ಥೈರಾಯ್ಡ್ ಆಪರೇಶನ್ನನ್ನೂ ಹೀಗೆ ಮಾಡಿ ತೋರಿಸುತ್ತಿದ್ದರು. ಹೆಬ್ಬೆರಳು, ತೋರುಬೆರಳಿನ ನಡುವೆ ಮತ್ತು ಮಣಿಕಟ್ಟಿನ ಒಳಭಾಗದಲ್ಲಿ ಸೂಜಿ ಹಾಕಿ, ಸಣ್ಣಗೆ ಕರೆಂಟ್ ಹಾಯಿಸಿ, 20–30 ನಿಮಿಷ ಕಾದು ಆಮೇಲೆ ಕೊಯ್ಯುತ್ತಿದ್ದರು. ರೋಗಿ ಎಚ್ಚರವಾಗಿರುತ್ತಿದ್ದರಿಂದ ಮಾತಾಡಿಸಿ, ದನಿಯ ನರಕ್ಕೆ ಪೆಟ್ಟಾಗಿದೆಯಾ ಅಂತ ನೋಡಬಹುದಿತ್ತು. ಅದು ನಿಜಕ್ಕೂ ಒಳ್ಳೆಯ ಲಾಭ.

ಆದರೆ ನೋವು ತಡೆದುಕೊಳ್ಳಬಲ್ಲವರನ್ನೇ ಆರಿಸಿಕೊಳ್ಳುತ್ತಿದ್ದರು. ಜೊತೆಗೆ ನೋವಿನ ಇಂಜೆಕ್ಷನ್, ಎಷ್ಟೋ ಸಲ ಕುತ್ತಿಗೆಗೆ ಮರಗಟ್ಟಿಸುವ ಔಷಧಿಯೂ ಇರುತ್ತಿತ್ತು. ಇದನ್ನು ಸುಮ್ನೆ ಬಿಟ್ಟು ಕಥೆ ಹೇಳುವುದು ರೋಗಿಗಳಿಗೆ ಮಾಡುವ ಅನ್ಯಾಯ. ಸೂಜಿಯಿಂದ ಮೈಯೊಳಗೆ ಎಂಡಾರ್ಫಿನ್ (ಮೈಯೇ ತಯಾರಿಸುವ ನೋವು ನಿವಾರಕ) ಬಿಡುಗಡೆಯಾಗಿ ನೋವು ಸ್ವಲ್ಪ ತಗ್ಗಬಹುದು. ಚರ್ಮ ಮರಗಟ್ಟುವುದಿಲ್ಲ, ಗ್ರಂಥಿ ಎಳೆಯುವಾಗಿನ ಸೆಳೆತವೂ ಗೊತ್ತಾಗುತ್ತದೆ.

ಹಾಗಾಗಿ ಮುಂಬೈನ ಆಸ್ಪತ್ರೆಗಳಲ್ಲೂ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆಯನ್ನೇ ಕೊಡುತ್ತಾರೆ. ಥೈರಾಯ್ಡ್ ಆಪರೇಶನ್ ಆದ ಮೇಲೆ ವಾಕರಿಕೆ ಜಾಸ್ತಿ ಅಲ್ವಾ, ಅದಕ್ಕೆ ಮಣಿಕಟ್ಟಿನ ಅದೇ ಬಿಂದುವನ್ನು ಒತ್ತುವುದು ನೆರವಾಗುತ್ತದೆ. ಇದಕ್ಕೆ ಒಳ್ಳೆಯ ಆಧಾರ ಇದೆ. ಅರಿವಳಿಕೆ ಕೊಡುವ ಡಾಕ್ಟರನ್ನು ಮೊದಲೇ ಭೇಟಿ ಮಾಡಿಸಿ, ಇದನ್ನೂ ಕೇಳಿ. ಅತ್ತೆಗೆ ಮರಾಠಿ, ಹಿಂದಿ ಅಷ್ಟಾಗಿ ಬಾರದಿದ್ದರೆ ನೀವೂ ಪಕ್ಕದಲ್ಲಿ ಕೂತು, ಒಂದೊಂದನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿ.